ಸಾಹೇಬರ ತೊಟ್ಟಿಲು

ಶಿವಗಂಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಒಂದು ಪುಸ್ತಕ ಅವಳಿಗೆ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬಾಯಿಪಾಠವಾಗಿತ್ತು. ಅದನ್ನು ಮನೆಗೆ ತಂದವಳು ಮೊಮ್ಮಗಳು ದಾನೇಶ್ವರಿ. ಗುಡಗೇರಿಯ ಕನ್ನಡ ಶಾಲೆಯಲ್ಲಿ ಎರಡನೇ ಇಯತ್ತೆ ಓದುವ ಹುಡುಗಿ, ಮನೆಯವರ ಬಾಯಲ್ಲಿ ಬರೀ ದಾನಿ. ತಾಯಿ ಅಮೃತಾ ಮತ್ತೆ ಬಸುರಿ ಎಂದು ತಿಳಿದಾಗಿನಿಂದ ಹುಡುಗಿ ಶಾಲೆಯಲ್ಲಿ ಗುಮ್ಮನೆ ಕೂರತೊಡಗಿದ್ದಳು. ಅದನ್ನು ಕಂಡ ಶಿಕ್ಷಕಿ ಫರಹತ್ ಅಕ್ಕೋರು ಕಪಾಟಿನಿಂದ ಒಂದು ಚಿತ್ರದ ಪುಸ್ತಕ ತೆಗೆದು ಅವಳ ಪಾಟಿಚೀಲಕ್ಕೆ ಹಾಕಿ, “ಮನಿಯಾಗ ಎಲ್ಲಾರಿಗೂ ಓದಿ ಹೇಳವ್ವಾ” ಎಂದಿದ್ದರು.

ಪುಸ್ತಕದ ಹೆಸರು ‘ಮನೆಗೆ ಬಂದ ಸಾಹೇಬರು’. ಮೊದಲ ಹಾಳೆಯಲ್ಲಿ ಒಂದು ಸುಖವಾದ ಮನೆ. ಅಪ್ಪ ಚಹಾ ಕುಡಿಯುತ್ತಿದ್ದಾನೆ, ಅಜ್ಜ ಆರಾಮ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ, ಅಕ್ಕ ನಾಯಿಯ ಬೆನ್ನೇರಿ ಕೂತಿದ್ದಾಳೆ. ಮಗ್ಗುಲ ಹಾಳೆಯಲ್ಲಿ ದವಾಖಾನೆಯಿಂದ ಒಂದು ಗಂಟು ಬರುತ್ತದೆ. ಗಂಟಿನೊಳಗೆ ಸಾಹೇಬರು. ತಲೆಯಲ್ಲಿ ನಾಲ್ಕು ಕೂದಲಿಲ್ಲ, ಬಾಯಲ್ಲಿ ಹಲ್ಲಿಲ್ಲ, ಆದರೂ ಮನೆಗೆ ಮನೆಯೇ ಥರಥರ ನಡುಗುತ್ತದೆ. ಅಜ್ಜನ ಕುರ್ಚಿಯ ಮೇಲೆ ಸಾಹೇಬರ ಬಟ್ಟೆ ಒಣಗುತ್ತವೆ. ಅಪ್ಪ ಒಂದು ಕಾಲಿಗೆ ತನ್ನ ಬೂಟು, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಓಡುತ್ತಾನೆ. ಅವ್ವ ನಿಂತಲ್ಲೇ ತೂಕಡಿಸುತ್ತ ಸಾರಿಗೆ ಉಪ್ಪಿನ ಬದಲು ಪೌಡರ್ ಹಾಕುತ್ತಾಳೆ. ಬೆಕ್ಕು ಟ್ರಂಕು ಹೊತ್ತುಕೊಂಡು ಊರೇ ಬಿಡುತ್ತದೆ.

ಎಲ್ಲಕ್ಕಿಂತ ದಾನಿಗೆ ಹಿಡಿಸಿದ್ದು ನಡುವಿನ ಒಂದು ಹಾಳೆ. ಸಾಹೇಬರು ಅವ್ವನ ಜೊತೆ ಹೊರಗೆ ಹೋಗಿದ್ದಾರೆ. ಅಕ್ಕ ಒಬ್ಬಳೇ ಕೂತು ಬರಿ ತೊಟ್ಟಿಲು ತೂಗುತ್ತಿದ್ದಾಳೆ. ಸಾಹೇಬರು ಒಳಗೆ ಮಲಗಿದ್ದಾರೆ ಎಂದು ತಿಳಿದು ಅಪ್ಪ ತುದಿಗಾಲಲ್ಲಿ ನಡೆಯುತ್ತಾನೆ, ಅಂಚೆಯವನು ಬಾಗಿಲಲ್ಲೇ ಬೆರಳು ಕಚ್ಚಿ ನಿಲ್ಲುತ್ತಾನೆ, ನಾಯಿ ಎರಡೂ ಪಂಜದಿಂದ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಅಕ್ಕ ಮಾತ್ರ ಇನ್ನೊಂದು ಕೈಯಲ್ಲಿ ಬಾಣಂತಿಯ ಉಂಡಿ ಹಿಡಿದು ಆರಾಮ ತಿನ್ನುತ್ತಿದ್ದಾಳೆ. ಈ ಹಾಳೆ ಬಂದಾಗಲೆಲ್ಲ ಶಿವಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವಳು, ನಕ್ಕು ಮುಗಿಸಿ ಗಲ್ಲ ಬಡಿದುಕೊಳ್ಳುವಳು.

“ಅಯ್ಯ ಶಿವನ, ಈ ಚಿತ್ರಾ ತಗದಾಂವಗ ಹೇಳವ್ರು ಯಾರೂ ಇದ್ದಿದ್ದಿಲ್ಲ ಕಾಣತೈತಿ. ಬರೇ ತೊಟ್ಟಲಾ ತೂಗಬಾರ್ದು.”

“ಯಾಕ ಆಯಿ?” ದಾನಿ ಅಜ್ಜಿಯನ್ನು ಆಯಿ ಎನ್ನುತ್ತಿದ್ದಳು.

“ಕೂಸಿಗೆ ಕೇಡು ಅಂತಾರ. ಹಾಳಿ ಮಗಚು ಮುಂದಕ್ಕ.”

ಕೊನೆಯ ಹಾಳೆಯಲ್ಲಿ ಮನೆಮಂದಿಯೆಲ್ಲ ದಣಿದು ಬಿದ್ದಲ್ಲೇ ನಿದ್ದೆ ಹೋಗಿದ್ದಾರೆ. ಸಾಹೇಬರು ಮಾತ್ರ ಅಜ್ಜಿಯ ತೊಡೆಯ ಮೇಲೆ ಕಣ್ಣರಳಿಸಿ ಕೂತಿದ್ದಾರೆ, ಅಜ್ಜಿಯೂ ಕಣ್ಣರಳಿಸಿ ಅವರನ್ನೇ ನೋಡುತ್ತಿದ್ದಾಳೆ. “ಇದು ನೀನ” ಎಂದು ದಾನಿ ಆ ಮುದುಕಿಯ ಚಿತ್ರದ ಮೇಲೆ ಬೆರಳಿಡುವಳು. ಗಂಡ ತೀರಿಕೊಂಡ ಮೇಲೆ ಶಿವಗಂಗವ್ವ ಅಷ್ಟು ನಕ್ಕದ್ದು ಆ ದಿನಗಳಲ್ಲೇ.

ಕೂಸು ಗಂಡಾಯಿತು. ಅಮೃತಾಳಿಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಬಾಣಂತಿಯನ್ನು ಹುಬ್ಬಳ್ಳಿಯ ದವಾಖಾನೆಯಿಂದ ನೇರ ಗಂಡನ ಮನೆಗೇ ತಂದರು. ಅಟ್ಟದಿಂದ ಕಲಘಟಗಿ ತೊಟ್ಟಿಲು ಇಳಿಯಿತು. ಶಿವಗಂಗವ್ವನ ಗಂಡನನ್ನು ತೂಗಿದ ತೊಟ್ಟಿಲು ಅದು. ಆಮೇಲೆ ಮಗ ಗೌರೀಶನನ್ನು, ದಾನಿಯನ್ನು ತೂಗಿದ್ದೂ ಅದೇ. ಅರಗಿನ ಬಣ್ಣದ ಗಿಳಿಗಳು ಇನ್ನೂ ಹೊಸದರ ಹಾಗೆ ಹೊಳೆಯುತ್ತಿದ್ದವು. ಹೆಸರಿಡುವ ದಿನ ಮೊದಲು ಗುಂಡಪ್ಪನನ್ನು ಮಲಗಿಸಿದರು. ಗುಂಡಪ್ಪ ಎಂದರೆ ಒರಳಿನ ಗುಂಡುಕಲ್ಲು. ಅದಕ್ಕೆ ಕುಂಚಿಗೆ ತೊಡಿಸಿ, ಕಾಡಿಗೆ ಹಚ್ಚಿ, ತೂಗಿದ ಮೇಲೆಯೇ ನಿಜವಾದ ಕೂಸಿನ ಪಾಳಿ. ಗೌರೀಶನ ತಂಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಸತ್ತ ಅಜ್ಜನ ಹೆಸರನ್ನೇ ಹೇಳಿದಳು, ಮಡಿವಾಳೆಪ್ಪ. ನೆರೆದ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು.

ಪೇಚಿಗೆ ಬಿದ್ದವಳು ಶಿವಗಂಗವ್ವ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದುಂಟೇ? ಮೊಮ್ಮಗನನ್ನು ಏನೆಂದು ಕರೆಯಬೇಕು? ಒಂದು ಗಳಿಗೆ ಯೋಚಿಸಿ, “ಬರ್ರಿ ಸಾಹೇಬ್ರ” ಎಂದು ಎತ್ತಿಕೊಂಡಳು. ಅಂದಿನಿಂದ ಮನೆಯಲ್ಲಿ ಅದೇ ಹೆಸರು ನಿಂತಿತು. ಸಾಹೇಬರನ್ನು ತೊಟ್ಟಿಲಿನಿಂದ ಎತ್ತಿದರೆ ಸಾಕು, ಶಿವಗಂಗವ್ವ ಆ ಜಾಗದಲ್ಲಿ ಗುಂಡಪ್ಪನನ್ನು ಮಲಗಿಸುವಳು, ಅಮೃತಾಳಿಗೂ ಅದೇ ರೂಢಿ ಮಾಡಿಸಿದ್ದಳು. ಯಾರ ಕೈಯಾದರೂ ತಪ್ಪಿ ತಗುಲಿ ತೊಟ್ಟಿಲು ತೂಗಿದರೂ ಅದು ಬರಿದಾಗಿರಬಾರದು.

ಮನೆ ಪುಸ್ತಕದ ಹಾಗೇ ಆಯಿತು. ಹಿಟ್ಟಿನ ಗಿರಣಿ ನಡೆಸುತ್ತಿದ್ದ ಗೌರೀಶ ನಿದ್ದೆಗಣ್ಣಲ್ಲಿ ಖಾರ ಬೀಸಿದ ಗಿರಣಿಯನ್ನು ಒರೆಸದೆ ಅದರಲ್ಲೇ ಜೋಳ ಸುರಿದ. ಆ ದಿನ ಓಣಿಗೆ ಓಣಿಯೇ ರೊಟ್ಟಿ ತಿಂದು ನೀರು ಕುಡಿಯಿತು. ಅಮೃತಾ ಬಾಚಣಿಕೆ ತಲೆಯಲ್ಲೇ ಸಿಗಿಸಿಕೊಂಡು ಬಾಚಣಿಕೆ ಹುಡುಕಿದಳು. ದಾನಿ ಇದನ್ನೆಲ್ಲ ನೋಡಿ ನಗಲು ಬಂದರೆ ನಗುವವರು ಯಾರೂ ಖಾಲಿ ಇರಲಿಲ್ಲ. “ಸಪ್ಪಳ ಮಾಡಬ್ಯಾಡ ದಾನಿ” ಎಂಬುದೇ ಅವಳ ಕಿವಿಗೆ ಬೀಳುತ್ತಿದ್ದ ಮಾತು. ಪುಸ್ತಕ ಹಿಡಿದು ಸಂಜೆ ಅಜ್ಜಿಯ ಬಾಜೂಕ್ಕೆ ಬಂದು ಕೂತರೆ ಶಿವಗಂಗವ್ವನ ಕೈಯಲ್ಲಿ ಕಾಸಿದ ಎಣ್ಣೆಯೋ, ಹೊಗೆ ಹಾಕುವ ಲೋಬಾನವೋ ಇರುತ್ತಿತ್ತು. “ನಾಳಿಗೆ ಓದೂಣು ಬೇ” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಶಿವಗಂಗವ್ವ ಪಡಸಾಲೆಯಲ್ಲಿ ಪಕ್ಕದ ಮನೆಯ ಮೈಮುನಬಿಯ ಜೊತೆ ಕೂತು ಅಕ್ಕಿ ಆರಿಸುತ್ತಿದ್ದಳು. ಒಳಕೋಣೆಯಿಂದ ತೊಟ್ಟಿಲ ಸರಪಳಿ ಕಿರ್ ಕಿರ್ ಎಂದಿತು. ಶಿವಗಂಗವ್ವ ತುಟಿಯ ಮೇಲೆ ಬೆರಳಿಟ್ಟಳು. ಇಬ್ಬರೂ ಪಿಸುಮಾತಿಗೆ ಇಳಿದರು. ಮೈಮುನಬಿ ಹೋಗುವಾಗ ಬಳೆ ಸಪ್ಪಳವಾಗಬಾರದೆಂದು ಎರಡೂ ಮುಂಗೈ ಬಿಗಿಹಿಡಿದು ತುದಿಗಾಲಲ್ಲಿ ನಡೆದಳು. ಅದು ಅಷ್ಟಕ್ಕೇ ಮುಗಿಯಿತು.

ಚಳಿ ಬಿದ್ದ ಮೇಲೆ ಕೂಸಿಗೆ ಉಸಿರಾಡಲು ತ್ರಾಸಾಯಿತು. ಹಾಲು ಕುಡಿಯುವಾಗ ತುಟಿ ನೀಲಿಗಟ್ಟಿತು. ಹುಬ್ಬಳ್ಳಿಗೆ ಒಯ್ದರೆ ಡಾಕ್ಟರು ಎದೆಯ ಫೋಟೋ ತೆಗೆದು, ಹೃದಯದಲ್ಲಿ ತೂತಿದೆ, ಹುಟ್ಟುವಾಗಲೇ ಇದ್ದದ್ದು, ತಿಳಿಯುವುದು ತಡವಾಯಿತು ಎಂದರು. ಹೋಗುವಾಗ ಅಳುತ್ತ ಹೋದ ಕೂಸು ಬರುವಾಗ ಸುಮ್ಮನೆ ಬಂತು. ಗಿರಣಿಯ ಹಿಂದಿನ ಹೊಲದಲ್ಲಿ, ಅಜ್ಜನ ಮಗ್ಗುಲಲ್ಲೇ, ಮಣ್ಣು ಮಾಡುವುದೆಂದಾಯಿತು.

ನಮ್ಮ ಕಡೆ ಹೆಣದ ಮುಂದೆ ಹಾಡ್ಯಾಡಿ ಅಳುವ ಹೆಂಗಸರ ಬಾಯಿಗೆ ಲಗಾಮು ಇರುವುದಿಲ್ಲ. ದೇವರನ್ನು ಬೈಯುತ್ತಾರೆ, ಡಾಕ್ಟರನ್ನು ಬೈಯುತ್ತಾರೆ, ಬಿಟ್ಟುಹೋದವರನ್ನೇ ನಿಂತು ಬೈಯುತ್ತಾರೆ. ಕೇಳಿದವರು ಯಾರೂ ಅದನ್ನು ಗಂಟು ಕಟ್ಟಿಕೊಳ್ಳುವುದಿಲ್ಲ. ದುಃಖ ಹೊರಗೆ ಹೋಗಲಿಕ್ಕೆ ಒಂದು ದಾರಿ, ಅಷ್ಟೇ. ಶಿವಗಂಗವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎದೆ ಬಡಿದುಕೊಂಡು ಹಾಡಿದಳು:

“ಬರೇ ತೊಟ್ಟಲಾ ಯಾರ ತೂಗಿದ್ರೋ ನನ್ನ ಸಾಹೇಬಾ, ತೂಗಿದ ಕೈ ಸೆಟದ ಹೋಗ್ಲೋ ನನ್ನ ಸಾಹೇಬಾ.”

ಜೋಳದ ಚೀಲಗಳ ಸಂದಿಯಲ್ಲಿ ನಿಂತು ದಾನಿ ಕೇಳಿಸಿಕೊಂಡಳು. ಅವಳು ಅಲ್ಲಿರುವುದು ಯಾರ ಗಮನಕ್ಕೂ ಬರಲಿಲ್ಲ. ಎಂಟು ವರ್ಷ ತುಂಬದ ಹುಡುಗಿಗೆ ಯಾವ ಮಾತನ್ನು ಗಂಟು ಕಟ್ಟಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿಕೊಟ್ಟವರೂ ಇರಲಿಲ್ಲ.

ಮತ್ತೆ ಶಾಲೆಗೆ ಹೋದ ಮೊದಲ ದಿನ ದಾನಿ ಪುಸ್ತಕವನ್ನು ತಾನೇ ಒಯ್ದು ಅಕ್ಕೋರಿಗೆ ಕೊಟ್ಟು ಬಂದಳು. ಆಮೇಲೆ ಕೆಲವು ದಿನಕ್ಕೆ ಊಟಕ್ಕೆ ಕೂತವಳು ಎಡಗೈಯಿಂದ ರೊಟ್ಟಿ ಮುರಿದಳು. ಶಿವಗಂಗವ್ವ ಗದರಿದರೆ, “ಇದು ಏಳವಲ್ತು ಆಯಿ” ಎಂದಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮೊದಲು ಹಟ ಎಂದುಕೊಂಡರು, ಆಮೇಲೆ ಹೆದರಿದರು. ಕುಂದಗೋಳದ ಡಾಕ್ಟರು, ಹುಬ್ಬಳ್ಳಿಯ ಡಾಕ್ಟರು, ಎಲ್ಲ ಆಯಿತು. ನರ ಸರಿಯಿದೆ, ಎಲುಬು ಸರಿಯಿದೆ, ಮನಸ್ಸಿನಲ್ಲಿ ಏನೋ ಕೂತಿದೆ ಎಂದು ಅವರಲ್ಲೊಬ್ಬರು ಅಂದರು. ಏನು ಕೂತಿದೆ ಎಂದು ಗೌರೀಶ ಮಗಳನ್ನು ಕೇಳಿದರೆ ಅವಳು ಎದ್ದು ಹಿತ್ತಲಿಗೆ ನಡೆದಳು. ಶಿವಗಂಗವ್ವ ಮಠದ ಸ್ವಾಮಿ ಅಜ್ಜಾರಿಂದ ದಾರ ಕಟ್ಟಿಸಿದಳು, ಮೈಮುನಬಿ ದರ್ಗಾದಿಂದ ಇನ್ನೊಂದು ತಂದು ಅದರ ಮಗ್ಗುಲಿಗೆ ಕಟ್ಟಿದಳು. ಎರಡು ದಾರ ಕಟ್ಟಿಕೊಂಡ ಕೈ ಫ್ರಾಕಿನ ಕಿಸೆಯೊಳಗೇ ಉಳಿಯಿತು. ದಾನಿ ಎಡಗೈಯಲ್ಲಿ ಬರೆಯುವುದನ್ನು ಕಲಿತಳು.

ಮರುವರ್ಷ ಅಮೃತಾ ಮತ್ತೆ ಹಡೆದಳು. ಈ ಸಲ ಹೆಣ್ಣು. ಎದೆಯ ಪರೀಕ್ಷೆ ಮೊದಲೇ ಮಾಡಿಸಿದರು, ಎಲ್ಲ ಸರಿಯಾಗಿತ್ತು. ತೊಟ್ಟಿಲು ಇಳಿಯಿತು, ಗುಂಡಪ್ಪನೂ ಬಂದ. ಆದರೆ ದಾನಿ ಒಳಕೋಣೆಯ ಹೊಸ್ತಿಲು ದಾಟಲಿಲ್ಲ. ಅವ್ವ ಕರೆದರೆ, “ಆಮ್ಯಾಲ ಬರ್ತೀನಿ” ಎಂದು ಕಟ್ಟೆಯ ಮೇಲೆ ಹೋಗಿ ಕೂರುವಳು. ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ ಎಂದು ಅಮೃತಾ ಬೇಜಾರು ಮಾಡಿಕೊಂಡಳು.

ಕೂಸನ್ನು ನೋಡಲು ಫರಹತ್ ಅಕ್ಕೋರು ಬಂದರು. ಒಂದು ಕೈಯಲ್ಲಿ ಉಲ್ಲನ್ ಕುಲಾಯಿ, ಇನ್ನೊಂದರಲ್ಲಿ ಅದೇ ಪುಸ್ತಕ, ಹೊಸ ಪ್ರತಿ. “ಇದು ದಾನಿಗೇ ಇರ್ಲಿರಿ. ಹಿಂದಕ ಎಷ್ಟ ನಗತಿದ್ಲು ಇದನ್ನ ಓದಿ” ಎಂದರು. ಪುಸ್ತಕ ಕಂಡದ್ದೇ ದಾನಿ ಕಟ್ಟೆಯಿಂದ ಎದ್ದು ಹಿತ್ತಲಿಗೆ ಹೋದಳು. ಅಕ್ಕೋರು ಅಮೃತಾಳನ್ನಾದರೂ ನಗಿಸೋಣವೆಂದು ಹಾಳೆ ಮಗುಚುತ್ತ ಹೋದರು. ಮಗ್ಗುಲಲ್ಲಿ ಕೂತು ಚಹಾ ಕುಡಿಯುತ್ತಿದ್ದ ಶಿವಗಂಗವ್ವ ಆ ನಡುವಿನ ಹಾಳೆಯನ್ನು ಒಂದು ವರ್ಷದ ಮೇಲೆ ಮತ್ತೆ ನೋಡಿದಳು. ಬರಿ ತೊಟ್ಟಿಲು ತೂಗುವ ಅಕ್ಕ, ತುದಿಗಾಲಲ್ಲಿ ನಡೆಯುವ ಮನೆಮಂದಿ.

ಚಹಾದ ಬಸಿ ಅವಳ ಕೈಯಲ್ಲೇ ನಿಂತಿತು. ಕಿರ್ ಕಿರ್ ಎಂದ ಸರಪಳಿ, ಬಳೆ ಬಿಗಿಹಿಡಿದು ನಡೆದ ಮೈಮುನಬಿ, ಎಲ್ಲ ನೆನಪಾಯಿತು. ಆ ಮಧ್ಯಾಹ್ನ ಸ್ವಲ್ಪ ಹೊತ್ತಿಗೆ ಅಮೃತಾ ಬಿಸಿಲು ಕಾಯಿಸಿದ ಕೂಸನ್ನು ಎತ್ತಿಕೊಂಡು ಹಿತ್ತಲಿನಿಂದ ಒಳಗೆ ಬಂದಿದ್ದಳು. ತೊಟ್ಟಿಲಲ್ಲಿ ಸಾಹೇಬರು ಇರಲೇ ಇಲ್ಲ.

ಸುಳ್ಳು ಯಾಕೆ ಹೇಳಬೇಕು, ಶಿವಗಂಗವ್ವನಿಗೆ ಮೊದಲು ಬಂದದ್ದು ಸಿಟ್ಟು. ಮೊಮ್ಮಗಳ ಮೇಲೆ, ತಾನು ಎತ್ತಿ ಆಡಿಸಿದ ಆ ಎಳೆಯ ಕೈಯ ಮೇಲೆ ಸಿಟ್ಟು. ಡಾಕ್ಟರು ಹೇಳಿದ ತೂತನ್ನು ಅವಳು ನಂಬಿದ್ದಳು, ತೊಟ್ಟಿಲಿನ ಮಾತನ್ನೂ ನಂಬಿದ್ದಳು. ಎರಡೂ ಅವಳ ಮಡಿಲಲ್ಲಿ ಜಗಳವಿಲ್ಲದೆ ಇದ್ದವು. ಎರಡನೆಯದಾಗಿ ನೆನಪಾದದ್ದು ತಾನು ಹಾಡ್ಯಾಡಿ ಅತ್ತ ಆ ಮಾತು, ತೂಗಿದ ಕೈ ಸೆಟೆದು ಹೋಗಲಿ ಎಂಬುದು. ಆಗ ಸಿಟ್ಟು ಇಳಿದು, ದಾನಿಯ ಕಿಸೆಯೊಳಗಿನ ಕೈ ಕಣ್ಣಮುಂದೆ ಬಂತು. ಅಕ್ಕೋರು ಯಾವಾಗ ಎದ್ದು ಹೋದರೋ ಅವಳಿಗೆ ತಿಳಿಯಲಿಲ್ಲ.

ದಾನಿ ಬಚ್ಚಲ ಬಳಿಯ ಕಲ್ಲಿನ ಮೇಲೆ ಕೂತಿದ್ದಳು. ಬಲಗೈ ಕಿಸೆಯಲ್ಲಿತ್ತು. ಶಿವಗಂಗವ್ವ ಅವಳ ಎದುರು ಕುಕ್ಕರಗಾಲಲ್ಲಿ ಕೂತಳು.

“ಆವತ್ತ ನೀ ತೂಗಿದ್ದೇನ?”

ಏನನ್ನು ಎಂದು ಹುಡುಗಿ ಕೇಳಲಿಲ್ಲ. “ಹೂಂ.”

“ಗುಂಡಪ್ಪ ಇದ್ದಿದ್ದಿಲ್ಲೇನ ಒಳಗ?”

“ತಗದಿಟ್ಟಿದ್ದೆ. ಪುಸ್ತಕದಾಗ ಗುಂಡಪ್ಪ ಇಲ್ಲಲ್ಲ.” ಮತ್ತೆ ಹೇಳಿದಳು, “ನೀ ಒಳಗ ಬಂದು ನೋಡತಿ, ನಗತಿ ಅಂತ ಮಾಡಿದ್ದೆ ಆಯಿ. ನೀ ಬರಲೇ ಇಲ್ಲ.”

ಶಿವಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಕೂಸಿನ ಎದಿಯಾಗ ಹುಟ್ಟಾನ ತೂತ ಇತ್ತವ್ವಾ. ಡಾಕ್ಟರ್ ಹೇಳ್ಯಾರ. ನಿನ್ನಿಂದ ಏನೂ ಆಗಿಲ್ಲ.”

“ಮತ್ತ ನನ್ನ ಕೈ?”

“ಅದು ಅಳೂ ಮುಂದ ನನ್ನ ಬಾಯಿಗೆ ಬಂದದ್ದು. ಅದಕ್ಕ ಅರ್ಥ ಇಲ್ಲ. ಸುಳ್ಳ ಅದು.”

“ಬರೇ ತೊಟ್ಟಲಾ ತೂಗಬಾರ್ದು ಅನ್ನೂದು?”

“ಅದೂ ಸುಳ್ಳ.”

ದಾನಿ ಅಜ್ಜಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಮಾತು ಬಾಯಿಂದ ಬಂತೋ ಎದೆಯಿಂದ ಬಂತೋ ಎಂಬುದನ್ನು ಮಕ್ಕಳಿಂದ ಮುಚ್ಚಿಡಲು ಆಗುವುದಿಲ್ಲ.

“ಹಂಗಿದ್ರ ನೀ ತೂಗು” ಎಂದಳು.

“ಈಗ ಕೂಸು ಮಲಗಿರತೈತಿ ಅದರಾಗ.”

“ಇಲ್ಲ. ಅವ್ವ ಹಾಲ ಕುಡಿಸಾಕತ್ತಾಳ.”

ಹಿತ್ತಲಿನಿಂದ ಒಳಕೋಣೆಗೆ ಎಷ್ಟು ದೂರ? ಆದರೂ ಶಿವಗಂಗವ್ವನಿಗೆ ದಾರಿ ಸಾಗಲಿಲ್ಲ. ದೇವರ ಮಾಡದ ಮುಂದೆ ಒಮ್ಮೆ ನಿಂತಳು. ಕೇಡು ಹತ್ತುವುದಿದ್ದರೆ ನನಗೆ ಹತ್ತಲಿ, ಕೂಸಿಗೆ ಬೇಡ, ಎಂದಷ್ಟೇ ಕೇಳಿಕೊಂಡಳು. ಕೇಳಿಕೊಂಡರೂ ಧೈರ್ಯ ಬರಲಿಲ್ಲ. ಹಿಂದೆ ದಾನಿಯ ಹೆಜ್ಜೆಯ ಸಪ್ಪಳವಿತ್ತು. ಹಾಗಾಗಿ ಒಳಗೆ ಹೋದಳು.

ಅಮೃತಾ ಗೋಡೆಗೆ ಒರಗಿ ಕೂಸಿಗೆ ಹಾಲೂಡಿಸುತ್ತಿದ್ದಳು. ಶಿವಗಂಗವ್ವ ತೊಟ್ಟಿಲೊಳಗೆ ಬಗ್ಗಿ ಗುಂಡಪ್ಪನನ್ನು ಎತ್ತಿ ನೆಲದ ಮೇಲಿಟ್ಟಳು.

“ಅತ್ತಿ, ಗುಂಡಪ್ಪನ್ನ ಯಾಕ ತಗದ್ರಿ?”

ಶಿವಗಂಗವ್ವ ಬಲಗೈಯನ್ನು ಬಣ್ಣದ ಕಟ್ಟಿಗೆಯ ಮೇಲಿಟ್ಟಳು. ಈ ತೊಟ್ಟಿಲನ್ನು ಎಷ್ಟೋ ಸಲ ತೂಗಿದ ಕೈ ಅದು, ಈಗ ಮುಂದೆ ಹೋಗಲೊಲ್ಲದು. ಬಾಗಿಲಲ್ಲಿ ದಾನಿ ನಿಂತಿದ್ದಳು. ಶಿವಗಂಗವ್ವ ಕಣ್ಣು ಮುಚ್ಚಿ ತಳ್ಳಿದಳು. ಸರಪಳಿ ಕಿರ್ ಎಂದಿತು. ಒಳಗೆ ಏನೂ ಇಲ್ಲದ ತೊಟ್ಟಿಲು ಹಗುರಾಗಿ ಹೋಗಿ ಬಂತು. ಅವಳು ಮತ್ತೆ ತಳ್ಳಿದಳು.

ಅಮೃತಾ ಕೂಸನ್ನು ಎದೆಗವಚಿಕೊಂಡು ಎದ್ದು ನಿಂತಳು. ದನಿ ಬಹಳ ಸಣ್ಣಗಿತ್ತು. “ಏನ ಮಾಡಾಕತ್ತೀರಿ ಅತ್ತಿ? ಬಿಡ್ರಿ ಅದನ್ನ. ಒಂದನ್ನ ಮಣ್ಣಿಗಿಟ್ಟ ಬಂದೀನ್ರಿ ನಾ.”

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ದಾನಿಯ ಸಲುವಾಗಿ ಎಂದು. ಹೇಳಿದರೆ ಆವತ್ತು ತೂಗಿದ ಕೈ ಯಾರದು ಎಂಬುದು ಅಮೃತಾಳಿಗೂ ತಿಳಿಯುತ್ತಿತ್ತು. ಅಜ್ಜಿಯಾದ ತನಗೇ ಮೊದಲು ಸಿಟ್ಟು ಬಂದಿತ್ತು. ಹೆತ್ತು ಕಳಕೊಂಡವಳಿಗೆ ಏನು ಬಂದೀತು, ಬಂದರೆ ಎಂದು ಇಳಿದೀತು? ಶಿವಗಂಗವ್ವ ಆ ಮಾತನ್ನು ನುಂಗಿಕೊಂಡಳು.

“ನನ್ನ ಮನಸ್ಸಿಗೆ ಬಂತು, ತೂಗಿದೆ” ಎಂದಳು.

ರಟ್ಟೆ ಸೋಲುವವರೆಗೆ ತೂಗಿದಳು. ಆಮೇಲೆ ಬಾಗಿಲ ಕಡೆ ತಿರುಗಿ ಬಲಗೈ ಮೇಲೆತ್ತಿ, ಬೆರಳುಗಳನ್ನು ಮಡಚಿ ಬಿಚ್ಚಿ ತೋರಿಸಿದಳು. ದಾನಿ ಆ ಕೈಯನ್ನೇ ನೋಡಿದಳು. ಅವಳ ಕಿಸೆಯೊಳಗೆ ಏನೋ ಅಲುಗಿದಂತೆ ಶಿವಗಂಗವ್ವನಿಗೆ ಕಂಡಿತು.

ಸಂಜೆ ಗೌರೀಶ ಗಿರಣಿಯಿಂದ ಬಂದು ಕೇಳಿದಾಗಲೂ ಮುದುಕಿ ಅದೇ ಉತ್ತರ ಕೊಟ್ಟಳು. ಅವನು ತಲೆಗೆ ಕೈ ಹಚ್ಚಿಕೊಂಡು ಕೂತ. ಅವ್ವನಿಗೆ ಅರಳು ಮರಳು ಶುರುವಾಗಿದೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಸುದ್ದಿ ಕೇಳಿದ ಮೈಮುನಬಿ, “ನಮ್ಮೊಳಗೂ ತೂಗಂಗಿಲ್ಲಲ್ಲ ಶಿವಗಂಗಾ, ನಿನಗ್ಯಾಕ ಬಂತು ಈ ಬುದ್ಧಿ” ಎಂದು ಕೇಳಿ ಎದ್ದು ಹೋದಳು. ಅಮೃತಾ ಜಗಳ ಮಾಡಲಿಲ್ಲ. ಮಾಡಿದ್ದರೆ ಚಲೋ ಇತ್ತು. ಕೂಸಿಗೆ ಎಣ್ಣೆ ಹಚ್ಚುವುದು, ಎರೆಯುವುದು, ಹೊಗೆ ಹಾಕುವುದು, ಎಲ್ಲವನ್ನೂ ತಾನೇ ಮಾಡಿಕೊಳ್ಳತೊಡಗಿದಳು. ಮುದುಕಿ ಕೈ ಚಾಚಿದರೆ, “ಮಲಗತೈತ್ರಿ ಈಗ” ಎಂದು ಆ ಕಡೆ ತಿರುಗುವಳು. ಬಂದವರು ಕೇಳಿದರೆ, “ಅತ್ತಿಯವರ ಕೈ ಸೋತಾವ್ರಿ” ಎನ್ನುವಳು. ಶಿವಗಂಗವ್ವನ ಹಾಸಿಗೆ ಪಡಸಾಲೆಗೆ ಬಂತು. ಒಳಗೆ ಕೂಸು ಸೀನಿದರೆ ಅವಳು ಎದ್ದು ಕೂರುವಳು. ಅದು ಮತ್ತೆ ಅಳುವವರೆಗೆ, ಇಲ್ಲವೇ ಅಮೃತಾ ಜೋಗುಳ ಶುರು ಮಾಡುವವರೆಗೆ, ಅವಳು ಹಾಸಿಗೆಗೆ ತಲೆ ಇಡುತ್ತಿರಲಿಲ್ಲ. ತೊಟ್ಟಿಲಿನ ಮಾತು ಸುಳ್ಳು ಎಂದು ಮೊಮ್ಮಗಳನ್ನು ನಂಬಿಸಿದಳು. ತನ್ನನ್ನು ನಂಬಿಸಿಕೊಳ್ಳುವುದು ಆಗಲಿಲ್ಲ.

ದಾನಿಯ ಕೈ ಒಂದೇ ಸಲಕ್ಕೆ ತಿರುಗಿ ಬರಲಿಲ್ಲ. ಮೊದಲು ಕಿಸೆಯಿಂದ ಹೊರಗೆ ಬಂತು. ಆಮೇಲೆ ಶೇಂಗಾ ಸುಲಿಯಿತು, ರೊಟ್ಟಿ ಮುರಿಯಿತು. ಬರೆದ ಅಕ್ಷರ ಬಹಳ ದಿನ ಸೊಟ್ಟಗೆ ಬಂದವು. ಅಜ್ಜಾರ ದಾರದ ಗುಣ ಎಂದು ಗೌರೀಶ ಅಂದ, ದರ್ಗಾದ್ದು ಎಂದು ಮೈಮುನಬಿ ಅಂದಳು. ದಾನಿ ಒಂದು ದಿನ ತಾನಾಗಿಯೇ ಒಳಕೋಣೆಯ ಹೊಸ್ತಿಲು ದಾಟಿ ತಂಗಿಯ ಮುಂದೆ ಕೂತಳು.

ಒಂದು ಸಂಜೆ ಅಮೃತಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ದಾನಿ ‘ಮನೆಗೆ ಬಂದ ಸಾಹೇಬರು’ ತೆರೆದು, ಬಲಗೈಯಿಂದ ಒಂದೊಂದೇ ಹಾಳೆ ಮಗುಚುತ್ತ ತಂಗಿಗೆ ಓದಿ ಹೇಳುತ್ತಿದ್ದಳು. ಬೆಕ್ಕು ಟ್ರಂಕು ಹೊತ್ತುಕೊಂಡು ಊರು ಬಿಟ್ಟಾಗ ಅಮೃತಾ ನಕ್ಕಳು. ಸಾಹೇಬರು ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಡುವಿನ ಹಾಳೆಯನ್ನು ದಾನಿ ಓದದೆ ದಾಟಿಸಿದಳು. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಶಿವಗಂಗವ್ವನಿಗೆ ಯಾವ ಹಾಳೆ ಬಿಟ್ಟುಹೋಯಿತು ಎಂಬುದು ಗೊತ್ತಿತ್ತು.

“ಆಯಿ, ಬಾ ಬೇ ಒಳಗ. ಕಡೀ ಹಾಳಿ ಬಂತು, ನಿನ್ನ ಚಿತ್ರಾ ಬಂತು.”

ಶಿವಗಂಗವ್ವ ಏಳಲು ನೆಲಕ್ಕೆ ಕೈ ಊರಿದಳು. ಅಮೃತಾ ತಲೆ ಎತ್ತಲಿಲ್ಲ, ಆದರೆ ಅವಳ ಕೈ ಕೂಸಿನ ಮೇಲಿನ ದುಪ್ಪಟಿಯನ್ನು ಎಳೆದು ಮುಚ್ಚಿತು. ಮುದುಕಿ ಊರಿದ ಕೈಯನ್ನು ಮೆಲ್ಲಗೆ ತಂದು ತನ್ನ ಖಾಲಿ ತೊಡೆಯ ಮೇಲಿಟ್ಟುಕೊಂಡಳು.

“ಇಲ್ಲಿಂದನ ಚಲೋ ಕಾಣತೈತಿ ಬೇ” ಎಂದಳು. “ನೀ ಓದು.”